ಕಾವು ಕೂತ ಕೋಳಿಯಿಂದ ಕೊಟ್ಟಿಗೆಯ ಕರುವಿನವರೆಗೆ: ಮರಿಪ್ರಾಣಿಗಳನ್ನು ಪಾಠಕ್ಕೆ ಬಳಸುವುದು ಹೇಗೆ?

ಶಾಲೆಯ ಕಾಂಪೌಂಡಿನ ಮೂಲೆಯಲ್ಲಿ ನಾಯಿ ಮರಿ ಹಾಕಿದೆ ಎಂಬ ಸುದ್ದಿ ಬಂದ ದಿನ ಗುಣಾಕಾರದ ಪಾಠ ಮುಂದೆ ಸಾಗುವುದಿಲ್ಲ. ಮಕ್ಕಳ ಕಣ್ಣು ಕಿಟಕಿಯಲ್ಲಿ. ಒಬ್ಬೊಬ್ಬರಾಗಿ ನೀರು ಕುಡಿಯುವ ನೆಪ ಹೇಳಿ ಎದ್ದು ಹೋಗುತ್ತಾರೆ. ಗದರಿ ಕೂರಿಸಬಹುದು, ಕೂರುತ್ತಾರೆ, ಕೇಳಿಸಿಕೊಳ್ಳುವುದಿಲ್ಲ. ಅದರ ಬದಲು ಆ ಮರಿಗಳನ್ನೇ ಪಾಠ ಮಾಡಿಕೊಂಡರೆ ಪರಿಸರ ಅಧ್ಯಯನ, ಗಣಿತ, ಕನ್ನಡ ಮೂರೂ ಒಟ್ಟಿಗೆ ನಡೆಯುತ್ತವೆ. ಒಂದರಿಂದ ಐದನೇ ತರಗತಿಯವರೆಗೆ ಪಾಠ ಮಾಡುವ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಹಳ್ಳಿ ಶಾಲೆಯ ಉದಾಹರಣೆಗಳೇ ಹೆಚ್ಚು, ಆದರೆ ಪೇಟೆಯವರಿಗೂ ದಾರಿ ಇದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಮರಿಯನ್ನು ತರಗತಿಗೆ ತರಬೇಡಿ, ತರಗತಿಯನ್ನು ಮರಿಯಿದ್ದಲ್ಲಿಗೆ ಕರೆದೊಯ್ಯಿರಿ. ಮೂವತ್ತು ಮಕ್ಕಳು ಒಂದೊಂದೇ ಸಲ ಸವರಿದರೂ ಮರಿಯ ಪಾಲಿಗೆ ಅದು ಮೂವತ್ತು ಸಲ. ತಾಯಿಯಿಂದ ದೂರವಾದ ಮರಿ ಮಂಕಾಗಿ ಮೂಲೆ ಸೇರುತ್ತದೆ, ಮಕ್ಕಳಿಗೆ ಕಾಣುವುದು ಆ ಮಂಕುತನ ಮಾತ್ರ. ಒಂದು ಗಂಟೆಯ ಪ್ರದರ್ಶನದಿಂದ ಸಿಗುವುದು "ಅಯ್ಯೋ, ಎಷ್ಟು ಮುದ್ದಾಗಿದೆ!" ಎಂಬ ಉದ್ಗಾರ. ಅದೇ ಮರಿಯನ್ನು ಮೂರು ವಾರ ದೂರದಿಂದ ನೋಡಿದರೆ ಪ್ರಶ್ನೆಗಳು ಹುಟ್ಟುತ್ತವೆ, ಪಾಠ ಶುರುವಾಗುವುದು ಆಗ. ಈ ನಿಯಮಕ್ಕೆ ರೇಷ್ಮೆ ಹುಳು, ಚಿಟ್ಟೆಯ ಹುಳುಗಳಂಥ ಒಂದೆರಡು ವಿನಾಯಿತಿಗಳಿವೆ. ಅವನ್ನು ಮುಂದೆ ನೋಡೋಣ.

ಹಂತ 1: ಸುತ್ತ ಏನಿದೆ ಎಂದು ಪಟ್ಟಿ ಮಾಡಿ

ಶುರುವಿನಲ್ಲಿ ಪುಸ್ತಕ ತೆರೆಯಬೇಕಿಲ್ಲ. "ಯಾರ ಮನೆಯಲ್ಲಿ ಯಾವ ಪ್ರಾಣಿ ಗಬ್ಬ ಆಗಿದೆ? ಯಾರ ಮನೆ ಕೋಳಿ ಕಾವು ಕೂತಿದೆ?" ಎಂದು ಕೇಳಿ ಬೋರ್ಡಿನ ಮೇಲೆ ಬರೆಯುತ್ತಾ ಹೋಗಿ. ಹಳ್ಳಿಯ ಮಕ್ಕಳಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮಗ್ಗಿ ಹೇಳಲು ತಡವರಿಸುವ ಹುಡುಗ ತನ್ನ ಮನೆಯ ಮೇಕೆ ಯಾವ ತಿಂಗಳು ಮರಿ ಹಾಕುತ್ತದೆಂದು ಥಟ್ಟನೆ ಹೇಳಿಬಿಡುತ್ತಾನೆ. ಅವನಿಗೆ ಅಂದು ಸಿಗುವ ಮರ್ಯಾದೆ ಇಡೀ ವರ್ಷ ಕೆಲಸಕ್ಕೆ ಬರುತ್ತದೆ.

ಪಟ್ಟಿಯ ಪಕ್ಕದಲ್ಲೇ ಕಾಯುವ ಅವಧಿ ಬರೆಸಿ. ಮೊಲಕ್ಕೆ ಸುಮಾರು ಒಂದು ತಿಂಗಳು, ನಾಯಿ ಬೆಕ್ಕುಗಳಿಗೆ ಎರಡು ತಿಂಗಳು, ಕುರಿ ಮೇಕೆಗಳಿಗೆ ಐದು ತಿಂಗಳು, ಹಸುವಿಗೆ ಒಂಬತ್ತು ತಿಂಗಳ ಮೇಲೆ ಕೆಲವು ದಿನ, ಎಮ್ಮೆಗೆ ಹತ್ತು ತಿಂಗಳ ಮೇಲೆ. ಆನೆಗೆ ಇಪ್ಪತ್ತೆರಡು ತಿಂಗಳವರೆಗೂ ಆಗುತ್ತದೆ ಎಂದರೆ ಮಕ್ಕಳು ನಂಬುವುದಿಲ್ಲ. ಕ್ಯಾಲೆಂಡರಿನ ಗಣಿತ ಇಲ್ಲಿಂದಲೇ ಶುರು: ಯುಗಾದಿಯ ಹೊತ್ತಿಗೆ ಗಬ್ಬವಾದ ಮೇಕೆ ಯಾವ ಹಬ್ಬದ ಹೊತ್ತಿಗೆ ಮರಿ ಹಾಕೀತು? ಇಂಥ ಲೆಕ್ಕವನ್ನು ಮನೆಯಲ್ಲಿ ಅಜ್ಜಿಯ ಹತ್ತಿರ ಕೇಳಿ ತಾಳೆ ನೋಡಿಕೊಂಡು ಬರಲಿ.

ಪೇಟೆ ಶಾಲೆಯವರು ನಮ್ಮಲ್ಲೇನಿದೆ ಎನ್ನಬೇಡಿ. ಕಿಟಕಿಯ ಸಜ್ಜದ ಮೇಲೆ ಪಾರಿವಾಳ ಗೂಡು ಕಟ್ಟಿರುತ್ತದೆ. ಸಾಮಾನ್ಯವಾಗಿ ಎರಡೇ ಮೊಟ್ಟೆ, ಹದಿನೇಳು ಹದಿನೆಂಟು ದಿನದ ಕಾವು, ಸುಮಾರು ಒಂದು ತಿಂಗಳಿಗೆ ಮರಿ ಹಾರಿ ಹೋಗುತ್ತದೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೂರುತ್ತವೆ, ಎರಡೂ ತಮ್ಮ ಗಂಟಲ ಚೀಲದಲ್ಲಿ ಹಾಲಿನಂಥ ಗಟ್ಟಿ ಆಹಾರ ತಯಾರಿಸಿ ಮರಿಗೆ ಉಣಿಸುತ್ತವೆ. ಗಾಜಿನ ಈಚೆಯಿಂದಲೇ ನೋಡಿ. ಪಾರಿವಾಳದ ಒಣ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಆದ್ದರಿಂದ ಮಕ್ಕಳು ಸಜ್ಜ ಗುಡಿಸುವುದು ಬೇಡ.

ಹಂತ 2: ಹೊರಡುವ ಮುನ್ನ

ಮುಖ್ಯಶಿಕ್ಷಕರಿಗೆ, ಎಸ್‌ಡಿಎಂಸಿಯವರಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತಿಳಿಸಿ. ಮಗುವಿಗೆ ಉಬ್ಬಸ ಅಥವಾ ಅಲರ್ಜಿ ಇದೆಯೇ ಎಂದು ಪೋಷಕರಿಂದ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಪ್ರಾಣಿಯ ಮನೆಯವರ ಒಪ್ಪಿಗೆ ಎಲ್ಲಕ್ಕಿಂತ ಮುಖ್ಯ. ಹೊಸ ಕರುವಿಗೆ ದೃಷ್ಟಿಯಾಗುತ್ತದೆ ಎಂದು ಕೆಲವು ಮನೆಯವರು ಹಿಂಜರಿಯುತ್ತಾರೆ. ಅವರೊಂದಿಗೆ ವಾದಕ್ಕಿಳಿಯದೆ ಬೇರೆ ಮನೆ ನೋಡಿಕೊಳ್ಳಿ. ಊರಿನಲ್ಲಿ ಕಾಲುಬಾಯಿ ರೋಗ, ಚರ್ಮಗಂಟು ರೋಗ, ಕೋಳಿಗಳಿಗೆ ಕೊಕ್ಕರೆ ರೋಗ ಅಥವಾ ಹಕ್ಕಿಜ್ವರದ ಸುದ್ದಿ ಇದ್ದರೆ ಭೇಟಿ ಮುಂದೂಡಿ. ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ರೋಗ ಸಾಗಿಸಲು ಮಕ್ಕಳ ಚಪ್ಪಲಿಯೇ ಸಾಕು. ಅನುಮಾನವಿದ್ದರೆ ಊರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಹಾಗೆ ಮಾತಾಡಿಸಿದಾಗ ಪಶು ವೈದ್ಯರನ್ನು ಒಂದು ದಿನ ಶಾಲೆಗೆ ಕರೆಯುವುದೂ ಸುಲಭವಾಗುತ್ತದೆ.

ಮಕ್ಕಳಿಗೆ ಉದ್ದನೆಯ ನಿಯಮಾವಳಿ ಬೇಡ. ಮೂರು ಸಾಲು ಸಾಕು, ಹಾಡಿನಂತೆ ಹೇಳಿಸಿ: ಕೈ ಹಿಂದೆ, ದನಿ ಕೆಳಗೆ, ತಾಯಿಗೆ ದಾರಿ ಬಿಡಿ. ಮೂರನೆಯದು ಅತಿ ಮುಖ್ಯ. ತಾಯಿಗೂ ಮರಿಗೂ ನಡುವೆ ಯಾರೂ ನಿಲ್ಲಕೂಡದು. ಸಾಧು ಹಸುವೂ ಕರು ಹಾಕಿದ ವಾರದಲ್ಲಿ ಹಾಯುತ್ತದೆ. ವಾಪಸು ಬಂದ ಕೂಡಲೇ, ಮುಟ್ಟಿರಲಿ ಬಿಡಲಿ, ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಬೇಕು. ಕೋಳಿ ಮರಿ ನೋಡಲು ಚೊಕ್ಕಟವಾಗಿದ್ದರೂ ಅದರ ಮೈಯಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳು ಇರಬಹುದು.

ಹಂತ 3: ಇಪ್ಪತ್ತೊಂದು ದಿನದ ಪಾಠ

ಒಂದೇ ಒಂದು ಚಟುವಟಿಕೆ ಮಾಡಲು ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಕಾವು ಕೂತ ನಾಟಿ ಕೋಳಿ. ಖರ್ಚಿಲ್ಲ, ಅವಧಿ ಖಚಿತ, ಅಂತ್ಯದಲ್ಲಿ ಹಬ್ಬದಂಥ ಒಂದು ದಿನ. ಶಾಲೆಯ ಹತ್ತಿರದ ಯಾರದಾದರೂ ಮನೆ ಆರಿಸಿಕೊಳ್ಳಿ. ಅಡುಗೆಯವರ ಮನೆಯಾದರೆ ಇನ್ನೂ ಅನುಕೂಲ, ದಿನದಿನದ ಸುದ್ದಿ ತಾನಾಗಿ ಶಾಲೆಗೆ ಬರುತ್ತದೆ.

ದಿನ ಗೊತ್ತುಮಾಡುವಾಗ ಒಂದು ಉಪಾಯವಿದೆ. ಕೋಳಿಮೊಟ್ಟೆ ಒಡೆಯಲು 21 ದಿನ, ಅಂದರೆ ಸರಿಯಾಗಿ ಮೂರು ವಾರ. ಬುಧವಾರ ಕಾವಿಗೆ ಕೂರಿಸಿದರೆ ಮರಿಗಳು ಬುಧವಾರದ ಆಸುಪಾಸಿಗೇ ಬರುತ್ತವೆ. ಒಂದು ದಿನ ಹಿಂದೆ ಮುಂದೆ ಆದರೂ ಮಕ್ಕಳು ಶಾಲೆಯಲ್ಲಿರುತ್ತಾರೆ. ಭಾನುವಾರ ಕೂರಿಸಿದರೆ ಹಬ್ಬ ನಿಮ್ಮ ಕೈತಪ್ಪುತ್ತದೆ. ದಸರಾ ರಜೆ ನಡುವೆ ಬಾರದಂತೆಯೂ ನೋಡಿಕೊಳ್ಳಿ.

ಮೊದಲ ವಾರದಲ್ಲಿ ನೋಡಲು ಏನೂ ಇರುವುದಿಲ್ಲ, ಕೋಳಿ ಸುಮ್ಮನೆ ಕೂತಿರುತ್ತದೆ. ಆ ವಾರ ಪ್ರಶ್ನೆಗಳದ್ದು. ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು: ಕೋಳಿ ದಿನಕ್ಕೊಂದರಂತೆ, ನಡುವೆ ದಿನ ಬಿಟ್ಟು ಬಿಟ್ಟು, ಹನ್ನೆರಡು ಮೊಟ್ಟೆ ಇಟ್ಟಿದೆ. ಮೊದಲ ಮೊಟ್ಟೆಗೂ ಕೊನೆಯದಕ್ಕೂ ಎರಡು ವಾರದ ಅಂತರ. ಹಾಗಿದ್ದರೆ ಮರಿಗಳೆಲ್ಲ ಒಂದೇ ದಿನ ಹೇಗೆ ಬರುತ್ತವೆ? ಉತ್ತರವನ್ನು ಕೂಡಲೇ ಹೇಳಿಬಿಡಬೇಡಿ. ಎರಡು ದಿನ ಬಿಡಿ. ಮಕ್ಕಳು ಮನೆಯಲ್ಲಿ ಕೇಳುತ್ತಾರೆ, ಜಗಳವಾಡುತ್ತಾರೆ, ಯಾರೋ ಒಬ್ಬರು "ಕೋಳಿ ಕೂತ್ಮೇಲೇನೆ ಒಳಗೆ ಮರಿ ಶುರು ಆಗೋದು" ಎಂದು ತರುತ್ತಾರೆ. ಸರಿಯಾದ ಉತ್ತರವೇ. ಕಾವಿನ ಬಿಸಿ, ಸುಮಾರು ಮೂವತ್ತೇಳೂವರೆ ಡಿಗ್ರಿ ಸೆಲ್ಸಿಯಸ್, ಸಿಗುವವರೆಗೆ ಮೊಟ್ಟೆಯೊಳಗಿನ ಬೆಳವಣಿಗೆ ತಡೆದು ನಿಂತಿರುತ್ತದೆ. ಕಾವಿಗೆ ಕೂರಿಸುವ ಮೊಟ್ಟೆಗಳನ್ನು ಅಜ್ಜಿಯರು ತಂಪು ಜಾಗದಲ್ಲಿ ಎತ್ತಿಡುವುದು ಏಕೆ ಎಂಬುದೂ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಎರಡನೆಯ ಪ್ರಶ್ನೆ ಮಕ್ಕಳಿಂದಲೇ ಬಂದೇ ಬರುತ್ತದೆ: "ಮಿಸ್, ಬಿಸಿಯೂಟದಲ್ಲಿ ಕೊಡೋ ಮೊಟ್ಟೆಯಲ್ಲೂ ಮರಿ ಇರುತ್ತಾ?" ತಡವರಿಸಬೇಡಿ. ಹುಂಜವಿಲ್ಲದ ಕಡೆ ಸಾಕಿದ ಕೋಳಿಗಳ ಮೊಟ್ಟೆ ಅದು, ಎಷ್ಟು ದಿನ ಕಾವು ಕೊಟ್ಟರೂ ಮರಿಯಾಗುವುದಿಲ್ಲ. ಮರಿಯಾಗಲು ಹುಂಜವೂ ಬೇಕು, ಹೇಟೆಯೂ ಬೇಕು. ಒಂದನೇ ತರಗತಿಗೆ ಇಷ್ಟು ಸಾಕು, ಐದನೇ ತರಗತಿಗೂ ಹೆಚ್ಚುಕಡಿಮೆ ಇಷ್ಟೇ. ಮೊಟ್ಟೆ ತಿನ್ನದ ಮನೆಯ ಮಕ್ಕಳು ಬಾಳೆಹಣ್ಣು ತೆಗೆದುಕೊಳ್ಳುತ್ತಾರೆ. ಯಾರು ಏನು ತಿನ್ನುತ್ತಾರೆ ಎಂಬುದು ಈ ಪಾಠದಲ್ಲಿ ಚರ್ಚೆಯಾಗದಂತೆ ಎಚ್ಚರವಿರಲಿ.

ಬಿಸಿಯೂಟದ ಅದೇ ಬೇಯಿಸಿದ ಮೊಟ್ಟೆ ಪ್ರಯೋಗಾಲಯವೂ ಹೌದು. ಸಿಪ್ಪೆ ಸುಲಿದಾಗ ದಪ್ಪ ತುದಿಯಲ್ಲಿ ಒಂದು ಗುಳಿ ಕಾಣುತ್ತದಲ್ಲ, ಅದು ಗಾಳಿಯ ಕೋಣೆ ಇದ್ದ ಜಾಗ. ಮರಿ ಹೊರಬರುವ ಮುನ್ನ ಮೊದಲ ಉಸಿರು ಎಳೆಯುವುದು ಆ ಗಾಳಿಯಿಂದ. ಹಸಿ ಮೊಟ್ಟೆಯೊಂದನ್ನು ಬಿಸಿನೀರಿನಲ್ಲಿ ಮುಳುಗಿಸಿದರೆ ಚಿಪ್ಪಿನ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಚಿಪ್ಪಿಗೆ ರಂಧ್ರಗಳಿವೆ, ಒಳಗಿರುವುದು ಉಸಿರಾಡುತ್ತದೆ ಎಂದು ತೋರಿಸಲು ಇದಕ್ಕಿಂತ ಅಗ್ಗದ ವಿಧಾನ ನನಗೆ ತಿಳಿದಿಲ್ಲ.

ಏಳನೆಯ ದಿನ ಬೆಳಕಿಗೆ ಹಿಡಿದು ನೋಡುವುದು. ಕೋಳಿ ದಿನಕ್ಕೊಮ್ಮೆ ಮೇವು ನೀರಿಗೆ ಎದ್ದು ಹೋಗುತ್ತದೆ. ಆ ಹದಿನೈದು ಇಪ್ಪತ್ತು ನಿಮಿಷವೇ ನಿಮ್ಮ ಅವಕಾಶ. ಕತ್ತಲೆ ಕೋಣೆ, ಮೊಬೈಲಿನ ಟಾರ್ಚ್, ಅದರ ಮೇಲೆ ಮೊಟ್ಟೆ ಕೂರುವಷ್ಟು ತೂತು ಮಾಡಿದ ರಟ್ಟು. ಮನೆಯವರೇ ಒಂದು ಮೊಟ್ಟೆ ಎತ್ತಿ ತೂತಿನ ಮೇಲಿಡಲಿ. ಜೇಡರ ಕಾಲಿನಂತೆ ಹರಡಿದ ಕೆಂಪು ರಕ್ತನಾಳಗಳು, ನಡುವೆ ಕಪ್ಪು ಚುಕ್ಕೆ ಕಾಣುತ್ತವೆ. ಆ ಚುಕ್ಕೆ ಮರಿಯ ಕಣ್ಣು. ಏನೂ ಕಾಣದೆ ತಿಳಿಯಾಗಿದ್ದರೆ ಅದು ಮರಿಯಾಗದ ಮೊಟ್ಟೆ. ಹದಿನಾಲ್ಕನೆಯ ದಿನ ಇನ್ನೊಮ್ಮೆ ನೋಡಿದರೆ ಒಳಗೆ ಬಹುಪಾಲು ಕಪ್ಪು ತುಂಬಿರುತ್ತದೆ. ಎರಡು ಸಲ ನೋಡಿದ್ದು ಸಾಕು. ಹದಿನೆಂಟರ ನಂತರ ಮುಟ್ಟಲೇಬಾರದು, ಮರಿ ಹೊರಬರುವ ಭಂಗಿಗೆ ತಿರುಗುತ್ತಿರುತ್ತದೆ.

ಎರಡನೆಯ ವಾರದಲ್ಲಿ ಮಕ್ಕಳು ಗಮನಿಸಬೇಕಾದದ್ದು ತಾಯಿಯನ್ನು. ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತದೆ, ಎದೆಯ ಪುಕ್ಕ ಉದುರಿ ಬರಿ ಚರ್ಮ ಮೊಟ್ಟೆಗೆ ತಾಗುತ್ತದೆ, ಹತ್ತಿರ ಹೋದರೆ ಮೈ ಉಬ್ಬಿಸಿ ಗುರ್ ಎನ್ನುತ್ತದೆ. ಮೊಟ್ಟೆ ಏಕೆ ಹೊರಳಿಸುತ್ತದೆ ಎಂದು ಕೇಳಿ. ರೊಟ್ಟಿ ತಿರುವಿ ಹಾಕಿದ ಹಾಗೆ ಎಲ್ಲ ಕಡೆ ಬಿಸಿ ತಾಗಲಿ ಎಂದು ಮಕ್ಕಳು ಹೇಳುತ್ತಾರೆ. ಅದೂ ನಿಜ, ಮರಿ ಒಳಪೊರೆಗೆ ಅಂಟಿಕೊಳ್ಳದಿರಲಿ ಎಂಬುದನ್ನು ನೀವು ಸೇರಿಸಿ.

ಇಪ್ಪತ್ತನೆಯ ದಿನ ಕಿವಿಗೊಟ್ಟರೆ ಚಿಪ್ಪಿನೊಳಗಿಂದ ಚೀಂ ಚೀಂ ಕೇಳಿಸುತ್ತದೆ. ತಾಯಿ ಹೊರಗಿನಿಂದ ಮೆಲ್ಲಗೆ ಉತ್ತರಿಸುತ್ತದೆ. ಇನ್ನೂ ಹುಟ್ಟದ ಮರಿಯ ಜೊತೆ ತಾಯಿ ಮಾತಾಡುವುದನ್ನು ಕೇಳಿಸಿಕೊಂಡ ತರಗತಿಗೆ ಮೌನವಾಗಿರಿ ಎಂದು ಹೇಳಬೇಕಾಗುವುದಿಲ್ಲ.

ಚಿಪ್ಪಿನಲ್ಲಿ ಮೊದಲ ಬಿರುಕು ಕಂಡ ಮೇಲೆ ಮರಿ ಹೊರಬರಲು ಅರ್ಧ ದಿನದಿಂದ ಒಂದು ದಿನ ಹಿಡಿಯಬಹುದು. ಮಕ್ಕಳು ಚಡಪಡಿಸುತ್ತಾರೆ, "ನಾವೇ ಬಿಡಿಸೋಣ" ಎನ್ನುತ್ತಾರೆ. ಬಿಡಿಸಕೂಡದು. ಒಳಪೊರೆಯಲ್ಲಿ ಇನ್ನೂ ರಕ್ತ ಓಡುತ್ತಿರುತ್ತದೆ, ಉಳಿದ ಹಳದಿ ಲೋಳೆ ಮರಿಯ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಅವಸರದಲ್ಲಿ ಚಿಪ್ಪು ಕಿತ್ತರೆ ಮರಿ ರಕ್ತ ಸುರಿದು ಸಾಯಬಹುದು. ಆ ಹಳದಿಯ ಬಲದಿಂದಲೇ ಮರಿ ಎರಡು ಮೂರು ದಿನ ಕಾಳು ನೀರಿಲ್ಲದೆಯೂ ಬದುಕಬಲ್ಲದು, ಹಾಗಾಗಿ ಹುಟ್ಟಿದ ಕೂಡಲೇ ನುಚ್ಚು ತಿನಿಸುವ ಆತುರವೂ ಬೇಡ. ಹೊರಬಂದ ಮರಿಯ ಕೊಕ್ಕಿನ ತುದಿಯಲ್ಲಿ ಬಿಳಿ ಮುಳ್ಳಿನಂಥದ್ದು ಇದೆಯೇ ಎಂದು ಹುಡುಕಲು ಹೇಳಿ. ಚಿಪ್ಪು ಒಡೆಯಲೆಂದೇ ಇರುವ ಅದು ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ.

ಗಣಿತ ಇಲ್ಲಿ ಧಾರಾಳ. ಹನ್ನೆರಡರಲ್ಲಿ ಒಂಬತ್ತು ಒಡೆದರೆ ಎಷ್ಟು ಭಾಗ? ಮೊಟ್ಟೆಯ ತೂಕಕ್ಕೂ ಮರಿಯ ತೂಕಕ್ಕೂ ಎಷ್ಟು ವ್ಯತ್ಯಾಸ? ಮರಿ ಮೊಟ್ಟೆಯ ಸುಮಾರು ಮೂರನೇ ಎರಡು ಪಾಲು ತೂಗುತ್ತದೆ. ಉಳಿದದ್ದು ಎಲ್ಲಿ ಹೋಯಿತು? ಚಿಪ್ಪು ಒಂದಿಷ್ಟು, ರಂಧ್ರಗಳಿಂದ ಆವಿಯಾಗಿ ಹೋದ ನೀರು ಒಂದಿಷ್ಟು. ನಲಿ-ಕಲಿ ತರಗತಿಯಲ್ಲಿ ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೆ ಕೂರುವುದರಿಂದ ಕೆಲಸ ಹಂಚುವುದು ಸುಲಭ: ಚಿಕ್ಕವರು ದಿನಕ್ಕೊಂದು ಚಿತ್ರ ಬರೆಯಲಿ, ದೊಡ್ಡವರು ಅದರ ಕೆಳಗೆ ಒಂದು ವಾಕ್ಯ.

ಸಂತೆ ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳ ಮಾತೂ ಬರುತ್ತದೆ. ಅವು ಹೆಚ್ಚಾಗಿ ಮೊಟ್ಟೆಕೋಳಿ ಕೇಂದ್ರಗಳಲ್ಲಿ ಬೇಡವಾದ ಗಂಡು ಮರಿಗಳು. ತಾಯಿಯ ಬಿಸಿಯಿಲ್ಲದೆ ಬಹಳಷ್ಟು ಮರಿಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಇಪ್ಪತ್ತೊಂದು ದಿನ ಕಾದು ನೋಡಿದ ಮಕ್ಕಳಿಗೆ ಅವನ್ನು ಕೊಳ್ಳಬೇಡಿ ಎಂದು ಉಪದೇಶಿಸುವ ಅಗತ್ಯ ಬೀಳುವುದಿಲ್ಲ.

ಹಂತ 4: ಕರುವಿನ ಮನೆಗೆ ಎರಡು ಭೇಟಿ

ಮೊದಲ ಭೇಟಿ ಹುಟ್ಟಿದ ಎರಡು ಮೂರು ದಿನಕ್ಕೆ, ಎರಡನೆಯದು ತಿಂಗಳ ನಂತರ. ಒಂದೇ ಭೇಟಿಯಾದರೆ ಹೋಲಿಸಲು ಏನೂ ಸಿಗುವುದಿಲ್ಲ.

ಕರು ಹುಟ್ಟಿದ ಗಂಟೆಯೊಳಗೆ ಎದ್ದು ನಿಲ್ಲುತ್ತದೆ ಎಂಬುದು ಹಳ್ಳಿ ಮಕ್ಕಳಿಗೆ ಹೊಸದಲ್ಲ. ಏಕೆ ಎಂಬುದು ಹೊಸದು. ತಾವು ನಡೆಯಲು ಒಂದು ವರ್ಷ ತೆಗೆದುಕೊಂಡರಲ್ಲ! ಗಿಣ್ಣು ಎಲ್ಲರಿಗೂ ಗೊತ್ತು, ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ್ದನ್ನು ತಿಂದಿರುತ್ತಾರೆ. ಮಾಮೂಲಿ ಹಾಲು ಕಾಯಿಸಿದರೆ ಉಕ್ಕುತ್ತದೆ, ಗಿಣ್ಣುಹಾಲು ಮಾತ್ರ ಗಟ್ಟಿಯಾಗಿ ಕತ್ತರಿಸುವಂತಾಗುತ್ತದೆ, ಏಕೆ? ಅದರಲ್ಲಿ ಪ್ರೋಟೀನು ಬಹಳ ಹೆಚ್ಚು. ಕರುವನ್ನು ರೋಗದಿಂದ ಕಾಯುವ ಅಂಶಗಳು ಅದರಲ್ಲೇ ಇರುತ್ತವೆ. ಹುಟ್ಟುವಾಗ ಕರುವಿಗೆ ಆ ರಕ್ಷಣೆ ಹೆಚ್ಚುಕಡಿಮೆ ಇರುವುದಿಲ್ಲ, ಮೊದಲ ಒಂದು ದಿನ ಕಳೆದ ಮೇಲೆ ಕುಡಿದರೆ ಕರುಳು ಅದನ್ನು ಹೀರಿಕೊಳ್ಳುವುದೂ ಇಲ್ಲ. ಆದ್ದರಿಂದಲೇ ಮೊದಲ ಪಾಲು ಕರುವಿಗೆ, ಉಳಿದದ್ದು ಪಕ್ಕದ ಮನೆಯವರಿಗೆ.

ಆಗ ಯಾರಾದರೂ ಕೇಳುತ್ತಾರೆ, ಶಾಲೆಯಲ್ಲಿ ಕೊಡುವ ಹಾಲೂ ಕರುವಿನ ಪಾಲೇ ಅಲ್ಲವೇ ಎಂದು. ಕ್ಷೀರಭಾಗ್ಯ 2013ರಲ್ಲಿ ಶುರುವಾದಾಗಿನಿಂದ ಹಾಲಿನ ಲೋಟ ಶಾಲೆಯ ದಿನಚರಿಯಲ್ಲೇ ಸೇರಿಹೋಗಿದೆ, ಹಾಗಾಗಿ ಪ್ರಶ್ನೆ ಸಹಜ. ಹೌದು, ಹಸುವಿಗೆ ಹಾಲು ಬರುವುದು ಕರುವಿಗಾಗಿ, ನಾವು ಅದರಲ್ಲಿ ಪಾಲು ತೆಗೆದುಕೊಳ್ಳುತ್ತೇವೆ ಎಂದು ನೇರವಾಗಿ ಹೇಳಿ. ಮನೆಯವರು ಕರುವಿಗೆ ಎಷ್ಟು ಬಿಡುತ್ತಾರೆ ಎಂದು ಮಕ್ಕಳೇ ಕೇಳಿ ತಿಳಿಯಲಿ.

ಐದನೇ ತರಗತಿಗೆ ಒಂದು ಲೆಕ್ಕ ಚೆನ್ನಾಗಿ ಒಗ್ಗುತ್ತದೆ: ತಕ್ಕಡಿಯಿಲ್ಲದೆ ಕರು ತೂಗುವುದು. ದರ್ಜಿಯ ಟೇಪಿನಿಂದ ಮನೆಯವರೇ ಎರಡು ಅಳತೆ ತೆಗೆಯಲಿ. ಮುಂಗಾಲಿನ ಹಿಂಬದಿಯಲ್ಲಿ ಎದೆಯ ಸುತ್ತಳತೆ ಒಂದು, ಭುಜದಿಂದ ಬಾಲದ ಬುಡದ ಮೂಳೆಯವರೆಗಿನ ಉದ್ದ ಇನ್ನೊಂದು, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ಕಿಲೋಗ್ರಾಂ. ಸುತ್ತಳತೆ 30, ಉದ್ದ 26 ಇದ್ದರೆ ಸುಮಾರು 35 ಕೆ.ಜಿ. ಇದು ಅಂದಾಜು ಮಾತ್ರ, ಆದರೆ ತಿಂಗಳ ನಂತರ ಮತ್ತೆ ಅಳೆದಾಗ ಬೆಳವಣಿಗೆ ಸಂಖ್ಯೆಯಾಗಿ ಕಣ್ಣೆದುರು ನಿಲ್ಲುತ್ತದೆ. ಭಾಗಾಕಾರ ಬೇಜಾರು ಎನ್ನುವ ಮಕ್ಕಳು ಕರುವಿನ ಹೆಸರು ಬರೆದುಕೊಂಡು ಭಾಗಾಕಾರ ಮಾಡುತ್ತಾರೆ.

ಮನೆಯ ಮಗುವಿಗೆ ಒಂದು ಜವಾಬ್ದಾರಿ ಕೊಡಿ: ಕರು ಮೊದಲ ಸಲ ಮೆಲುಕು ಹಾಕಿದ ದಿನ ಗುರುತಿಸುವುದು. ಹಾಲಷ್ಟೇ ಕುಡಿಯುವಾಗ ಮೆಲುಕಿಲ್ಲ, ಹುಲ್ಲು ಬಾಯಾಡಿಸತೊಡಗಿದ ಮೇಲೆ ಬರುತ್ತದೆ.

ಹಂತ 5: ತರಗತಿಯೊಳಗೆ ಬರಬಹುದಾದವು

ರಾಮನಗರ, ಶಿಡ್ಲಘಟ್ಟ, ಚಿಂತಾಮಣಿ, ಕನಕಪುರ, ಕೊಳ್ಳೇಗಾಲದ ಕಡೆಯವರಿಗೆ ರೇಷ್ಮೆ ಹುಳು ಕೈಯಳತೆಯಲ್ಲೇ ಇದೆ. ಎರಡು ಸಲ ಪೊರೆ ಬಿಟ್ಟ ಚಾಕಿ ಹುಳು (ಎಳೆ ಹುಳು) ಇಪ್ಪತ್ತು ಸಾಕು. ಔಷಧ ಹೊಡೆಯದ, ಒದ್ದೆಯಿಲ್ಲದ ಹಿಪ್ಪುನೇರಳೆ ಸೊಪ್ಪು ಹಾಕಿ, ಸೊಳ್ಳೆಬತ್ತಿ ಹತ್ತಿರ ತರಬೇಡಿ. ಹುಳು ತಲೆ ಎತ್ತಿ ಅಲ್ಲಾಡದೆ ನಿಂತರೆ ಸತ್ತಿದೆ ಎಂದು ಮಕ್ಕಳು ಅಳುತ್ತಾರೆ. ಅದು ಪೊರೆ ಬಿಡುವ ಹೊತ್ತು, ರೈತರ ಬಾಯಲ್ಲಿ ಜ್ವರ. ಅದು ಎದ್ದು ಮೇಯತೊಡಗುವವರೆಗೆ ಸೊಪ್ಪೂ ಬೇಡ, ಮುಟ್ಟುವುದೂ ಬೇಡ. ನಾಲ್ಕನೇ ಜ್ವರದ ನಂತರದ ಒಂದು ವಾರ ಅದು ತಿನ್ನುವ ಪರಿ ನೋಡಬೇಕು, ಜೀವಮಾನದ ಸೊಪ್ಪಿನ ಬಹುಪಾಲು ಆ ವಾರದಲ್ಲೇ ಖಾಲಿ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳುವನ್ನು ಚಂದ್ರಿಕೆಗೆ (ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ) ಬಿಟ್ಟರೆ ಎರಡು ಮೂರು ದಿನಕ್ಕೆ ಗೂಡು. ಒಂದೆರಡು ಗೂಡನ್ನು ಹಾಗೇ ಬಿಡಿ. ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಬರುತ್ತದೆ, ಅದು ಏನೂ ತಿನ್ನುವುದಿಲ್ಲ, ಹಾರಲೂ ಆಗದು, ಮೊಟ್ಟೆ ಇಟ್ಟು ಮುಗಿಯುತ್ತದೆ. ಉಳಿದ ಗೂಡುಗಳು ನೂಲಾಗುವಾಗ ಒಳಗಿನ ಹುಳು ಏನಾಗುತ್ತದೆ ಎಂಬ ಪ್ರಶ್ನೆ ಬರುತ್ತದೆ. ಬಿಸಿಯಲ್ಲಿ ಸಾಯುತ್ತದೆ ಎಂಬ ಉತ್ತರವನ್ನು ಮರೆಮಾಚಬೇಡಿ. ತರಗತಿಯ ಅರ್ಧ ಮಕ್ಕಳ ಮನೆ ನಡೆಯುವುದು ಅದರಿಂದಲೇ ಎಂಬುದನ್ನೂ ಮರೆಯಬೇಡಿ.

ರೇಷ್ಮೆಯಿಲ್ಲದ ಊರಿನಲ್ಲಿ ನಿಂಬೆ ಅಥವಾ ಕರಿಬೇವಿನ ಕುಂಡ ಸಾಕು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಎಳೆ ಹುಳು, ದೊಡ್ಡದಾದಂತೆ ಹಸಿರಾಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದು ಹೊರಚಾಚಿ ನಾತ ಬೀರುತ್ತದೆ. ಮಳೆಗಾಲದ ಗುಂಡಿಯಲ್ಲಿ ಗೊದಮೊಟ್ಟೆಗಳಿದ್ದರೆ ಗುಂಡಿಯ ಹತ್ತಿರವೇ ವಾರಕ್ಕೊಮ್ಮೆ ಹೋಗಿ ಬನ್ನಿ. ಮೊದಲು ಹಿಂಗಾಲು, ಆಮೇಲೆ ಮುಂಗಾಲು, ಕೊನೆಗೆ ಬಾಲ ಕರಗುವುದು. ಬಾಟಲಿಗೆ ತುಂಬಿ ಮನೆಗೆ ಒಯ್ಯುವುದು ಬೇಡ.

ಹಂತ 6: ನಾಯಿಮರಿ, ಅತಿ ಮುದ್ದು ಮತ್ತು ಅತಿ ಅಪಾಯ

ಮರಿ ಹಾಕಿದ ಬೀದಿನಾಯಿ ಮಕ್ಕಳಿಗೆ ಹತ್ತಿರದಲ್ಲಿರುವ ಅತಿ ದೊಡ್ಡ ಅಪಾಯ. ದಿನಾ ಬಾಲ ಅಲ್ಲಾಡಿಸಿ ಬಿಸ್ಕತ್ತು ತಿನ್ನುವ ನಾಯಿಯೇ ಆ ದಿನಗಳಲ್ಲಿ ಕಚ್ಚುತ್ತದೆ. ಮರಿಗಳಿರುವ ಜಾಗದ ಸುತ್ತ ದೂರದಲ್ಲೇ ಸುಣ್ಣದ ಗೆರೆ ಎಳೆದು, ಅದರಾಚೆ ಶಿಕ್ಷಕರೂ ಹೋಗುವುದಿಲ್ಲ ಎಂದು ಎಲ್ಲರೆದುರೇ ಹೇಳಿ. ಗೆರೆಯ ಈಚೆಯಿಂದ ನೋಡಲು ಬೇಕಾದಷ್ಟಿದೆ. ಹುಟ್ಟಿದಾಗ ಕಣ್ಣು ಮುಚ್ಚಿರುತ್ತವೆ, ಹತ್ತರಿಂದ ಹದಿನಾಲ್ಕು ದಿನಕ್ಕೆ ತೆರೆಯುತ್ತವೆ. ಇದನ್ನು ಕೋಳಿಮರಿಯ ಜೊತೆ ಹೋಲಿಸಿ. ಕೋಳಿಮರಿ, ಕರು, ಮೇಕೆಮರಿ ಹುಟ್ಟುತ್ತಲೇ ಕಣ್ಣು ಬಿಟ್ಟು ನಡೆಯುತ್ತವೆ. ನಾಯಿ, ಬೆಕ್ಕು, ಮೊಲ, ಪಾರಿವಾಳದ ಮರಿಗಳು ಕುರುಡಾಗಿ, ಕೈಲಾಗದೆ ಹುಟ್ಟುತ್ತವೆ. ಎರಡು ಗುಂಪು ಮಾಡಿಸಿ, ಯಾವ ಗುಂಪಿನ ಮರಿಗಳು ಅಡಗಿಸಿಟ್ಟ ಗೂಡಿನಲ್ಲಿ ಬೆಳೆಯುತ್ತವೆ, ಯಾವುವು ಬಯಲಿನಲ್ಲಿ ತಾಯಿಯ ಹಿಂದೆ ಓಡಬೇಕಾಗುತ್ತದೆ ಎಂದು ಕೇಳಿ. ಮನುಷ್ಯನ ಮಗು ಯಾವ ಗುಂಪಿಗೆ ಎಂಬ ವಾದ ಒಂದು ಪೀರಿಯಡ್ ಪೂರ್ತಿ ನಡೆಯುತ್ತದೆ, ನಡೆಯಲಿ.

ರೇಬಿಸ್ ಪಾಠವನ್ನು ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನಕ್ಕೆ ಕಾಯಿಸಬೇಡಿ, ಮರಿಗಳು ಕಂಡ ದಿನವೇ ಮಾಡಿ. ಮರಿಗಳಿಂದಲೂ ರೇಬಿಸ್ ಬರಬಹುದು. ಅವುಗಳಿಗೆ ಲಸಿಕೆ ಹಾಕುವುದೇ ಸುಮಾರು ಮೂರು ತಿಂಗಳ ಮೇಲೆ. ಪರಚಿದರೂ ಸಾಕು, ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಖಾರದಪುಡಿ, ಸುಣ್ಣ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು, ವೈದ್ಯರು ಹೇಳಿದಷ್ಟೂ ಡೋಸ್ ಮುಗಿಸಬೇಕು. ಬಹಳ ಮಕ್ಕಳು ಬೈಗುಳಕ್ಕೆ ಹೆದರಿ ಪರಚಿದ್ದನ್ನು ಮುಚ್ಚಿಡುತ್ತಾರೆ. "ಹೇಳಿದವರಿಗೆ ಬೈಯುವುದಿಲ್ಲ" ಎಂದು ಮಾತು ಕೊಡಿ, ಪೋಷಕರ ಸಭೆಯಲ್ಲಿಯೂ ಅದೇ ಮಾತು ಹೇಳಿಸಿ. ನಾಯಿ ಅಟ್ಟಿಸಿ ಬಂದರೆ ಓಡದೆ ಕೈ ಕಟ್ಟಿ, ನೆಲ ನೋಡುತ್ತಾ, ಮರದಂತೆ ನಿಲ್ಲುವುದನ್ನು ಮೈದಾನದಲ್ಲಿ ಆಟವಾಗಿ ಅಭ್ಯಾಸ ಮಾಡಿಸಿ.

ಹಂತ 7: ಕಾಡಿನ ಮರಿ ಕೈಗೆ ಸಿಕ್ಕಾಗ

ಮಗು ಒಂದು ದಿನ ಅಂಗಿಯೊಳಗೆ ಅಳಿಲಮರಿಯನ್ನೋ ಗಿಣಿಮರಿಯನ್ನೋ ಇಟ್ಟುಕೊಂಡು ಬರುತ್ತದೆ. ಬೈದರೆ ಮುಂದಿನ ಸಲ ನಿಮಗೆ ತೋರಿಸುವುದೇ ಇಲ್ಲ. ಎಲ್ಲಿ ಸಿಕ್ಕಿತು ಎಂದು ಮೊದಲು ಕೇಳಿ. ಪುಕ್ಕ ಬಂದು ಕುಪ್ಪಳಿಸುವ ಹಕ್ಕಿಮರಿಯಾದರೆ ಅದು ಹಾರಲು ಕಲಿಯುತ್ತಿದೆ ಅಷ್ಟೇ, ತಾಯ್ತಂದೆ ಹತ್ತಿರದ ಕೊಂಬೆಯಲ್ಲೇ ಇರುತ್ತವೆ. ಸಿಕ್ಕಿದ ಜಾಗದಲ್ಲೇ ಪೊದೆಯ ಮೇಲೆ ಬಿಟ್ಟು ದೂರ ನಿಂತು ನೋಡಿ. ಪುಕ್ಕವಿಲ್ಲದ್ದಾದರೆ, ಗೂಡು ಕಂಡರೆ ವಾಪಸು ಇಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸಿಕೊಳ್ಳುವುದಿಲ್ಲ ಎಂಬ ಮಾತು ಹೆಚ್ಚಿನ ಹಕ್ಕಿಗಳ ವಿಷಯದಲ್ಲಿ ನಿಜವಲ್ಲ.

ಗಿಣಿ, ನಕ್ಷತ್ರ ಆಮೆ ಮುಂತಾದವನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಶಾಲೆಗೂ ಅದರಲ್ಲಿ ರಿಯಾಯಿತಿ ಇಲ್ಲ. ಕಬ್ಬು ಕಟಾವಿನ ಕಾಲದಲ್ಲಿ ಮಂಡ್ಯ, ಮೈಸೂರು ಕಡೆ ಚಿರತೆಮರಿಗಳು ಸಿಗುವುದುಂಟು. ದೊಡ್ಡವರೇ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ತಾಯಿ ಹತ್ತಿರದಲ್ಲೇ ಇರುತ್ತದೆ, ರಾತ್ರಿ ಮರಿ ಹುಡುಕಿಕೊಂಡು ಬರುತ್ತದೆ. ಮುಟ್ಟದೆ ದೂರ ಸರಿದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ಗಾಯಗೊಂಡ ದನಕರುಗಳಿಗೆ ಪಶುಪಾಲನಾ ಇಲಾಖೆಯ 1962. ಎರಡೂ ಸಂಖ್ಯೆ ಬೋರ್ಡಿನ ಪಕ್ಕದಲ್ಲಿ ವರ್ಷಪೂರ್ತಿ ಇರಲಿ.

ಹಂತ 8: ಮರಿ ಸತ್ತರೆ, ಮಾರಿದರೆ

ಹನ್ನೆರಡು ಮರಿಗಳಲ್ಲಿ ಒಂದೆರಡನ್ನು ಹದ್ದೋ ಮುಂಗುಸಿಯೋ ಒಯ್ಯುತ್ತದೆ. ಇದನ್ನು ಮುಚ್ಚಿಟ್ಟು "ಅಜ್ಜಿ ಮನೆಗೆ ಹೋಗಿದೆ" ಎನ್ನುವ ಶಿಕ್ಷಕರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಸತ್ತಿತು ಎಂದೇ ಹೇಳಿ, ಆ ದಿನದ ಪುಟದಲ್ಲಿ ಅದನ್ನೂ ಬರೆಸಿ. ಅಳುವವರು ಅಳಲಿ, "ಇಷ್ಟಕ್ಕೆಲ್ಲ ಅಳ್ತಾರಾ" ಎಂಬ ಮಾತು ಬೇಡ. ಮುಂಗುಸಿಗೂ ಮರಿಗಳಿವೆಯಲ್ಲ ಎಂದು ಯಾರಾದರೂ ಹೇಳಿದರೆ ಚರ್ಚೆಯನ್ನು ಅವರ ಕೈಗೆ ಬಿಡಿ.

ಮಾರುವುದು ಇನ್ನೂ ಸೂಕ್ಷ್ಮ. ಹೆಸರಿಟ್ಟು ಸಾಕಿದ ಮೇಕೆಮರಿ ಮಾರಿಹಬ್ಬಕ್ಕೋ ಬಕ್ರೀದಿಗೋ ಸಂತೆಗೋ ಹೋಗುತ್ತದೆ. ಆ ಮಗುವಿನ ಮನೆಗೆ ಅದು ಶಾಲೆಯ ಬ್ಯಾಗು, ಆಸ್ಪತ್ರೆಯ ಬಿಲ್ಲು. ತರಗತಿಯಲ್ಲಿ ಯಾರೋ "ಪಾಪ ಬರುತ್ತೆ" ಎಂದುಬಿಟ್ಟರೆ ಆ ಮಗು ಕುಗ್ಗಿಹೋಗುತ್ತದೆ. ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ, ಯಾವ ಕಡೆಯ ತೀರ್ಪೂ. ಮರಿಗೆ ನೀರು, ನೆರಳು, ಮೇವು, ಔಷಧಿ 'ಇರುವಷ್ಟು ದಿನ' ಸಿಕ್ಕಿತೇ ಎಂಬ ಪ್ರಶ್ನೆಯನ್ನು ಎಲ್ಲ ಮನೆಯ ಮಕ್ಕಳೂ ತಲೆಯೆತ್ತಿ ಉತ್ತರಿಸಬಲ್ಲರು. ಮಾತು ಅದರ ಸುತ್ತಲೇ ಇರಲಿ.

ಹಂತ 9: ನೋಟ್‌ಬುಕ್ಕಿನಲ್ಲಿ ಏನು ನೋಡಬೇಕು

ಇಂಥ ಪಾಠಕ್ಕೆ ಬಿಟ್ಟ ಸ್ಥಳ ತುಂಬುವ ಪರೀಕ್ಷೆ ಕೊಟ್ಟರೆ ಮಾಡಿದ್ದೆಲ್ಲ ನೀರುಪಾಲು. ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ದಾಖಲೆಗೆ ಮಕ್ಕಳ ದಿನಚರಿ ಪುಟಗಳೇ ಸಾಕು. ನೋಡಬೇಕಾದದ್ದು ಮೂರು: ಕಂಡದ್ದನ್ನು ಬರೆದಿದೆಯೇ ಅಥವಾ ಊಹಿಸಿದ್ದನ್ನೇ? "ಕೋಳಿಗೆ ಕೋಪ ಬಂತು" ಎಂಬುದು ಊಹೆ, "ಕೋಳಿ ಪುಕ್ಕ ಉಬ್ಬಿಸಿತು" ಎಂಬುದು ಕಂಡದ್ದು. ನಿನ್ನೆಗೂ ಇಂದಿಗೂ ವ್ಯತ್ಯಾಸ ಗುರುತಿಸಿದೆಯೇ? ಹೊಸ ಪ್ರಶ್ನೆ ಇದೆಯೇ? ಮೂರನೆಯದಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಬರೆಯಲು ಬಾರದ ಮಗು ಬಾಯಲ್ಲಿ ಹೇಳಿದ್ದನ್ನು ನೀವೇ ಅದರ ಚಿತ್ರದ ಕೆಳಗೆ ಬರೆದುಕೊಡಿ, ಮನೆಯಲ್ಲಿ ಆಡುವ ಮಾತಿನಲ್ಲೇ. ಪಿಳ್ಳೆ ಎಂದರೆ ಪಿಳ್ಳೆ, ಕುನ್ನಿ ಎಂದರೆ ಕುನ್ನಿ, ತಿದ್ದಬೇಡಿ.

ಇಪ್ಪತ್ತೊಂದು ದಿನದ ಚಾರ್ಟನ್ನು ವರ್ಷದ ಕೊನೆಗೆ ಹರಿದು ಹಾಕಬೇಡಿ. ಎಷ್ಟು ಮೊಟ್ಟೆ, ಎಷ್ಟು ಮರಿ, ಯಾವ ತಿಂಗಳು ಎಂದು ಅಂಚಿನಲ್ಲಿ ಬರೆದು ಬೀರುವಿನಲ್ಲಿಡಿ. ಮುಂದಿನ ವರ್ಷದ ಮಕ್ಕಳು ಬೇರೆ ತಿಂಗಳಲ್ಲಿ ಕಾವು ಕೂರಿಸಿ, ಬೇಸಿಗೆಯಲ್ಲಿ ಮರಿ ಕಡಿಮೆಯಾಗುತ್ತವೆಯೇ ಎಂದು ಹಳೆಯ ಚಾರ್ಟಿನ ಜೊತೆ ಹೋಲಿಸಲಿ.